ವಿಶಾಲಾಕ್ಷಮ್ಮನ ಡಬ್ಬಿ ಲಾಟೀನು

ಕಳಸದ ಬಸ್ ನಿಲ್ದಾಣದ ಹತ್ತಿರದ ಕಿರಾಣಿ ಅಂಗಡಿಯಲ್ಲಿ ಕೂತು ವಿಶಾಲಾಕ್ಷಮ್ಮ ವರ್ಷಗಟ್ಟಲೆ ಬೇರೆಯವರ ಪ್ರಯಾಣಕ್ಕೆ ಸಾಮಾನು ಕಟ್ಟಿಕೊಟ್ಟವರು. ಗುಡ್ಡ ಹತ್ತಲು ಬರುವ ಹುಡುಗ ಹುಡುಗಿಯರಿಗೆ ಬ್ರೆಡ್ಡು, ಬೆಂಕಿಪೊಟ್ಟಣ, ಮೇಣದಬತ್ತಿ, ನೈಲಾನ್ ಹಗ್ಗ. ಹಗ್ಗವನ್ನು ಮೊಳದಲ್ಲಿ ಅಳೆದು ಒಂದು ಗೇಣು ಹೆಚ್ಚಿಗೆಯೇ ಕತ್ತರಿಸುತ್ತಿದ್ದರು. ಗಂಡ ಮಲ್ಲಿಕಾರ್ಜುನಪ್ಪ ಅದನ್ನು ಕಂಡೂ ಕಾಣದವರ ಹಾಗೆ ಇರುತ್ತಿದ್ದರು.

೧೯೯೬ರ ಡಿಸೆಂಬರಿನಲ್ಲಿ ಒಂದು ದಿನ, ಬೆನ್ನ ಮೇಲೆ ದೊಡ್ಡ ಚೀಲ ಹೊತ್ತ ಹುಡುಗಿಯೊಬ್ಬಳನ್ನು ಅವರು ಕೇಳಿದರು: "ರಾತ್ರಿಯಿಡೀ ಆ ಗುಡ್ಡದ ಮೇಲೆ ಏನು ಮಾಡ್ತೀರಮ್ಮ?"

"ಏನೂ ಇಲ್ಲ ಆಂಟಿ. ಊಟ ಮಾಡಿ ಸುಮ್ನೆ ಬಿದ್ಕೊಂಡು ಆಕಾಶ ನೋಡ್ತೀವಿ."

ಆ ಮಾತು ಅವರ ತಲೆಯಿಂದ ಹೋಗಲಿಲ್ಲ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವರು ಅವರು, ಎಲ್ಲರೂ ಮಲಗಿದ ಮೇಲೆ ಮಲಗುವವರೂ ಅವರೇ. ನೆಂಟರ ಮದುವೆಗೆ ಹೋದರೂ ಸೆರಗು ಸಿಕ್ಕಿಸಿಕೊಂಡು ಬಡಿಸುವ ಸಾಲಿಗೆ ಸೇರಿಬಿಡುತ್ತಿದ್ದರು. ಊಟವಾದ ಮೇಲೆ ಸುಮ್ಮನೆ ಬಿದ್ದುಕೊಳ್ಳುವುದು ಹೇಗಿರುತ್ತದೆ, ಒಂದೇ ಒಂದು ರಾತ್ರಿ ನೋಡಬೇಕು ಅನ್ನಿಸಿತು. ಗಂಡನಿಗೆ ಹೇಳಿದರು.

ಮಲ್ಲಿಕಾರ್ಜುನಪ್ಪನವರು ಕನ್ನಡಕ ತೆಗೆದು ಒರೆಸಿದರು. "ಗುಡ್ಡದ ಮೇಲಾ? ನಿಂಗೇನಾಯ್ತು ಮಾರಾಯ್ತಿ?"

ಅವರ ತೊಂದರೆ ಬೇರೆಯೇ ಇತ್ತು. ಆ ಮನುಷ್ಯನಿಗೆ ಕತ್ತಲೆ ಎಂದರೆ ಆಗುತ್ತಿರಲಿಲ್ಲ. ಇದು ಹೆಂಡತಿಯೊಬ್ಬರಿಗೇ ಗೊತ್ತಿದ್ದ ಸಂಗತಿ. ಮಲಗುವ ಕೋಣೆಯಲ್ಲಿ ಝೀರೋ ಬಲ್ಬು ಉರಿಯಲೇಬೇಕು. ಕರೆಂಟು ಹೋದರೆ ಪೇಪರ್ ಓದುವ ನೆಪ ಮಾಡಿಕೊಂಡು ದೀಪದ ಪಕ್ಕ ಬಂದು ಕೂರುತ್ತಿದ್ದರು. ಸೀಮೆಎಣ್ಣೆ ಲಾಟೀನಿನ ವಾಸನೆಗೆ ತಲೆನೋವು ಬರುತ್ತಿತ್ತು.

"ಟಾರ್ಚು ತಗೊಂಡು ಹೋಗೋಣ," ಎಂದರು ವಿಶಾಲಾಕ್ಷಮ್ಮ.

"ಟಾರ್ಚು ಹಿಡ್ಕೊಂಡು ನಿದ್ದೆ ಮಾಡೋಕಾಗುತ್ತಾ?"

"ಹಾಗಾದ್ರೆ ಗ್ಯಾಸ್‌ಲೈಟು."

"ಬುಸ್ ಬುಸ್ ಅಂತ ಅದನ್ನ ಹೊತ್ಕೊಂಡು ಹತ್ತಿದ್ರೆ ಮದುವೆ ದಿಬ್ಬಣ ಬಂತು ಅಂದ್ಕೋತಾರೆ." ಕೊನೆಗೆ ಅವರೇ ದಾರಿ ತೋರಿಸಿದರು. "ಗಾಳಿಗೆ ಆರದೇ ಇರೋ ಮೇಣದಬತ್ತಿ ದೀಪ ಒಂದು ಮಾಡು. ಬರ್ತೀನಿ. ಅದು ಆರಿದ ಕ್ಷಣ ಇಳಿದು ಬಂದುಬಿಡೋದು."

ಮಾಡಲಾರಳು ಎಂಬ ಧೈರ್ಯದಿಂದ ಹೇಳಿದ ಮಾತು ಅದು. ಆದರೆ ಯಾವುದನ್ನೂ ಎಸೆದು ಗೊತ್ತಿಲ್ಲದ ಹೆಂಗಸು ಅವರು. ಅಂಗಡಿಯ ಅಟ್ಟದಲ್ಲಿ ಹಾಲುಪುಡಿಯ ಖಾಲಿ ಡಬ್ಬಗಳಿದ್ದವು. ಗಿರಾಕಿಗಳು ಬೇಡವೆಂದ ಮುರುಕು ಮೇಣದಬತ್ತಿಗಳು ಒಂದು ಚೀಲದಲ್ಲಿ ತುಂಬಿದ್ದವು. ಎನ್.ಎಸ್.ಎಸ್. ಶಿಬಿರಗಳಿಗೆ ಹೋಗಿ ಬಂದಿದ್ದ ಅಣ್ಣನ ಮಗಳು ತನುಜಾ ಮೈಸೂರಿನಲ್ಲಿ ಓದುತ್ತಿದ್ದಳು. ಅವಳಿಗೆ ಎಸ್‌ಟಿಡಿ ಬೂತಿನಿಂದ ಫೋನು ಹೋಯಿತು.

"ಡಬ್ಬ ಅಡ್ಡ ಮಲಗಿಸಿ ಅತ್ತೆ, ಹೊಟ್ಟೆ ಸೀಳಿ. ಎರಡು ಕಡೆಗೂ ಬಾಗಿಲ ಹಾಗೆ ತೆರೀಬೇಕು. ಒಳಗೆ ಪಾರ್ಚ್‌ಮೆಂಟ್ ಹಾಕಿದ್ರೆ ಗಾಳಿ ತಾಗಲ್ಲ," ಎಂದಳು ತನುಜಾ. ಅಷ್ಟರಲ್ಲಿ ಲೈನು ಕಟ್ಟಾಯಿತು.

ಡಬ್ಬದೊಳಗೆ ಸೌದೆಯ ತುಂಡು ಕೊಟ್ಟು, ಉಳಿ ಸುತ್ತಿಗೆಯಿಂದ ವಿಶಾಲಾಕ್ಷಮ್ಮ ಅದರ ಹೊಟ್ಟೆ ಸೀಳಿದರು. ಅಂಚುಗಳನ್ನು ಮಡಚಿ ಬಡಿದರು. ನೆತ್ತಿಯಲ್ಲಿ ಹೊಗೆ ಹೋಗಲು ಮೊಳೆಯಿಂದ ತೂತು ಹೊಡೆದು, ಅಂಗಡಿಗೆ ಸಾಮಾನು ಬಂದ ಪೆಟ್ಟಿಗೆಗೆ ಬಿಗಿದಿದ್ದ ತಂತಿಯನ್ನೇ ಹಿಡಿಕೆ ಮಾಡಿದರು. ಇನ್ನು ಉಳಿದದ್ದು ಪಾರ್ಚ್‌ಮೆಂಟ್. ಅದಕ್ಕೇನು ಬರ? ಜನವರಿ, ಕಾಫಿ ಕೊಯ್ಲಿನ ಕಾಲ. ಕಳಸದಲ್ಲಿ ಯಾರನ್ನು ಕೇಳಿದರೂ ಪಾರ್ಚ್‌ಮೆಂಟ್ ಎಂದರೆ ಒಂದೇ: ಹಣ್ಣಿನ ಸಿಪ್ಪೆ ಕಳೆದು, ತೊಳೆದು, ಒಣಹಾಕಿದ ಕಾಫಿ ಬೀಜ. ಪಕ್ಕದ ಮನೆಯ ಕಣದಿಂದ ಎರಡು ಬೊಗಸೆ ತಂದು ಡಬ್ಬಕ್ಕೆ ಸುರಿದು, ಅದರಲ್ಲಿ ಮುರುಕು ಮೇಣದಬತ್ತಿಯ ತುಂಡೊಂದನ್ನು ನಿಲ್ಲಿಸಿ ಹಚ್ಚಿದರು.

ಬತ್ತಿ ನೆಟ್ಟಗೆ ನಿಂತಿತು. ಸಂತೋಷಪಟ್ಟು ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿ ಬರುವಷ್ಟರಲ್ಲಿ ಜ್ವಾಲೆ ಬುಡಕ್ಕೆ ಇಳಿದಿತ್ತು. ಬೀಜದ ಹೊಟ್ಟು ಹೊತ್ತಿ, ಜಗಲಿಯಲ್ಲೆಲ್ಲ ಹೊಗೆ. ಮಲ್ಲಿಕಾರ್ಜುನಪ್ಪ ಮೂಗು ಅರಳಿಸಿಕೊಂಡು ಬಂದರು.

"ದೀಪ ಮಾಡ್ತಿದ್ದೀಯೋ, ಕಾಫಿ ಹುರೀತಿದ್ದೀಯೋ? ಚಿಕೋರಿ ಬೇಕಾ, ತರ್ಲಾ?"

ವಿಶಾಲಾಕ್ಷಮ್ಮ ಚೊಂಬಿನ ನೀರು ಹೊಯ್ದು ಆರಿಸಿದರು. ಮರುದಿನ ತನುಜಾ ಫೋನಿನಲ್ಲಿ ನಕ್ಕು ನಕ್ಕು ಸಾಕಾಗಿ, ತಾನು ಹೇಳಿದ್ದು ಬೆಣ್ಣೆ ಕಾಗದದಂಥ ಒಂದು ಕಾಗದ ಎಂದಳು. "ನಮ್ಮೂರಲ್ಲಿ ಹುಟ್ಟಿ ಪಾರ್ಚ್‌ಮೆಂಟ್ ಅಂದ್ರೆ ಕಾಗದ ಅಂತೀಯಲ್ಲೇ," ಎಂದು ಗದರಿಸಿ ಅತ್ತೆ ಫೋನಿಟ್ಟರು. ಬೆಂಕಿಯ ಪಕ್ಕ ಕಾಗದ ಇಡುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಆದರೆ ಕಾಫಿ ಬೀಜ ಒಂದು ಉಪಕಾರ ಮಾಡಿತ್ತು. ಹೊಟ್ಟೆಯಲ್ಲಿ ಭಾರವಿದ್ದರೆ ಡಬ್ಬ ಉರುಳುವುದಿಲ್ಲ, ಬತ್ತಿಯೂ ವಾಲುವುದಿಲ್ಲ. ಬೀಜದ ಬದಲು ಭದ್ರಾ ಹೊಳೆಯ ಮರಳು ತುಂಬಿದರು. ಮುರುಕು ಬತ್ತಿಗಳನ್ನು ಕರಗಿಸಿ, ಪೊಟ್ಟಣ ಕಟ್ಟುವ ಹತ್ತಿದಾರವನ್ನು ಹೊಸೆದು ಹಾಕಿ, ಗಿಡ್ಡದಾದ ದಪ್ಪ ಬತ್ತಿ ಎರೆದರು. ಗಾಳಿ ಯಾವ ಕಡೆಯಿಂದ ಬೀಸುತ್ತದೋ ಆ ಕಡೆಯ ಬಾಗಿಲನ್ನು ಅರ್ಧ ಮುಚ್ಚಿದರೆ ಸಾಕಿತ್ತು. ಮುಂದೆ ಇಂಥ ಎಷ್ಟೋ ಲಾಟೀನು ಮಾಡಿ ಗುಡ್ಡ ಹತ್ತುವವರಿಗೆ ಕೊಟ್ಟರು. ಎರಡು ಸಾವಿರದ ಇಸವಿ ದಾಟಿದ ಮೇಲೂ ಜೀಪಿನ ಡ್ರೈವರುಗಳು "ಅಮ್ಮನ ಡಬ್ಬ" ಕೇಳಿಕೊಂಡು ಬರುತ್ತಿದ್ದರು.

ಮೊದಲನೆಯದನ್ನು ಹೊತ್ತು ಗಂಡ ಹೆಂಡತಿ ಏರಿದ್ದು ಪರಿಚಯದ ಪ್ಲಾಂಟರ್ ವೆಂಕಟೇಶ್ ಅವರ ಎಸ್ಟೇಟಿನ ಮೇಲಿನ ಬೋಳುಗುಡ್ಡ.

"ನಮ್ಮನೇಲೇ ಉಳ್ಕೊಳ್ಳಿ ಮಾರಾಯ್ರೆ, ಮಂಚ ಇದೆ, ರಗ್ಗಿದೆ," ಎಂದು ವೆಂಕಟೇಶ್ ಬೇಡಿಕೊಂಡರು.

"ಮಂಚ ನಮ್ಮನೇಲೂ ಇದೆಯಲ್ಲ," ಎಂದರು ವಿಶಾಲಾಕ್ಷಮ್ಮ.

ಹೊತ್ತು ಮುಳುಗುವ ಮುಂಚೆ, ಕಾಫಿ ಒಣಗಿಸುವ ಟಾರ್ಪಾಲು ಹಾಸಿ, ಮೇಲೆ ಜಮಖಾನ ಹಾಸಿದರು. ರೊಟ್ಟಿ, ಚಟ್ನಿಪುಡಿ, ಮೊಸರು ಮುಗಿಯುವಾಗ ಕತ್ತಲಾಯಿತು. ದೀಪ ಹೊತ್ತಿಕೊಂಡಿತು. ಮಲ್ಲಿಕಾರ್ಜುನಪ್ಪ ಮಫ್ಲರ್ ಬಿಗಿದುಕೊಂಡು ಅದರ ಪಕ್ಕಕ್ಕೇ ಸರಿದು ಕೂತರು. ಗಾಳಿ ತಿರುಗಿತು. ವಿಶಾಲಾಕ್ಷಮ್ಮ ಎದ್ದು ಒಂದು ಬಾಗಿಲು ಮುಚ್ಚಿ, ಇನ್ನೊಂದು ತೆರೆದು ಮಲಗಿದರು. ಬತ್ತಿಯ ತುದಿ ಕರಿಕಟ್ಟಿತು. ಎದ್ದು ಚಿವುಟಿ ಮಲಗಿದರು. ಮತ್ತೆ ಗಾಳಿ, ಮತ್ತೆ ಎದ್ದರು. ಮನೆಯಲ್ಲಿ ಒಲೆ ಕಾದ ಹಾಗೆ ಇಲ್ಲಿ ಡಬ್ಬ ಕಾಯುವುದಾಯಿತು ಎಂದು ಹೊಳೆದು ಅವರಿಗೆ ಸಣ್ಣಗೆ ಅಳು ಬಂತು. ತಾನೇ ಮಾಡಿದ್ದು, ಯಾರನ್ನು ಬಯ್ಯುವುದು?

ಮಲ್ಲಿಕಾರ್ಜುನಪ್ಪ ಅವರನ್ನೇ ನೋಡುತ್ತಿದ್ದರು.

"ನೀನು ಎಷ್ಟು ಸಲ ಏಳ್ತೀಯೇ?"

"ಆರಿದ್ರೆ ನೀವು ಇಳಿದು ಹೋಗ್ತೀರಲ್ಲ."

ಅವರು ಡಬ್ಬವನ್ನು ಹೆಂಡತಿಯ ತಲೆದೆಸೆಯಿಂದ ತಮ್ಮ ಮಗ್ಗುಲಿಗೆ ಎಳೆದುಕೊಂಡರು. ಬೆಳಕು ಆಕೆಯ ಮುಖಕ್ಕೆ ಬೀಳದ ಹಾಗೆ ಬೆನ್ನು ಅಡ್ಡ ಕೊಟ್ಟು ಕೂತರು. "ಬಾಗಿಲು ಹಾಕಿ ತೆಗೆಯೋದು ತಾನೆ? ಅಂಗಡೀಲಿ ದಿನಾ ಅದನ್ನೇ ಮಾಡೋದು. ನೀನು ಮೇಲೆ ನೋಡು."

ವಿಶಾಲಾಕ್ಷಮ್ಮ ಮೇಲೆ ನೋಡಿದರು. ನಕ್ಷತ್ರಗಳು ಇಷ್ಟೊಂದು ಇವೆ ಎಂದು ಯಾರೂ ಹೇಳಿರಲಿಲ್ಲ. ಸ್ವಲ್ಪ ಹೊತ್ತಿಗೆ ಗಂಡನ ಬೆನ್ನಿನಾಚೆಯಿಂದ "ಸ್ಸ್" ಎಂಬ ಸದ್ದು. ಕಾದ ತಗಡು ಅವರ ಕೈಗೆ ತಾಗಿತ್ತು.

"ಸುಟ್ಟಿತೇನ್ರೀ?"

"ಇಲ್ಲ, ಇಲ್ಲ," ಎಂದರು ಬೆರಳು ಬಾಯಲ್ಲಿಟ್ಟುಕೊಂಡವರ ದನಿಯಲ್ಲಿ.

ಅರ್ಧ ಎದ್ದಿದ್ದ ವಿಶಾಲಾಕ್ಷಮ್ಮ ಒಂದು ಗಳಿಗೆ ಯೋಚಿಸಿ, ಮತ್ತೆ ಮಲಗಿಕೊಂಡರು.