ನಾನು ಒತ್ತದ ಮುದ್ರೆ

ನಾನು ತಿರಸ್ಕರಿಸಿದ ಹಸ್ತಪ್ರತಿಯನ್ನು, ನಾನೇ ಒಪ್ಪಿಗೆ ಕೊಟ್ಟೆನೆಂಬಂತೆ ನನ್ನ ಹೆಸರು ಹಾಕಿ ಅಚ್ಚು ಮಾಡಿಸಿದರು. ಅನ್ಯಾಯ ಇಷ್ಟೇ. ಇದನ್ನು ಸಣ್ಣ ಮಾತೆನ್ನುವವರು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಒಂದು ದಿನವೂ ಕೆಲಸ ಮಾಡಿದವರಲ್ಲ.

ಹರಿಹರದ ಕಾರ್ಖಾನೆಯೊಂದರ ಆ ವಿಭಾಗದಲ್ಲಿಯೇ ನನ್ನ ತಲೆ ನೆರೆಯಿತು. ಅಲ್ಲಿ ಪ್ರತಿಯೊಬ್ಬ ತಪಾಸಕನಿಗೂ ಅವನದೇ ಸಂಖ್ಯೆಯ ಉಕ್ಕಿನ ಮುದ್ರೆಯಿರುತ್ತಿತ್ತು. ಅಳತೆ ಸರಿಯಿದ್ದ ಯಂತ್ರಭಾಗದ ಮೇಲೆ ಮಾತ್ರ ಅದನ್ನು ಒತ್ತಬೇಕು. ಊಟಕ್ಕೆ ಏಳುವಾಗಲೂ ಮುದ್ರೆ ನಮ್ಮ ಜೇಬಿನಲ್ಲೇ. ಒಬ್ಬನದನ್ನು ಇನ್ನೊಬ್ಬ ಮುಟ್ಟುವಂತಿರಲಿಲ್ಲ, ಮೇಲಧಿಕಾರಿಯೂ ಸಹ.

ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಬಟ್ಟೆ ವ್ಯಾಪಾರಿಯೊಬ್ಬರ ಮನೆಯ ಮಹಡಿಯ ಮೇಲೆ ಭಾನುವಾರಗಳಂದು ಅಧ್ಯಯನ ಕೂಟ ಸೇರುತ್ತದೆ. ನಿವೃತ್ತನಾದ ಮೇಲೆ ನಾನೂ ಅಲ್ಲಿಗೆ ಹೋಗತೊಡಗಿದೆ. ಅಲ್ಲಿ ಓದುವುದು ಕೊರಿಯಾ ದೇಶದಲ್ಲಿ ಹುಟ್ಟಿದ ಏಕೀಕರಣ ತತ್ವವನ್ನು. ಇರುವುದೆಲ್ಲವೂ ಜೋಡಿಯಾಗಿಯೇ ಇದೆ, ಒಂದು ಇನ್ನೊಂದಕ್ಕೆ ಕೊಟ್ಟು ಅದರಿಂದ ಪಡೆಯುವುದರಿಂದಲೇ ಇರವು ನಿಲ್ಲುತ್ತದೆ ಎಂಬುದು ಅದರ ಬುನಾದಿ. ಬೋಲ್ಟು, ನಟ್ಟುಗಳ ನಡುವೆ ಬದುಕಿದ ನನಗೆ ಆ ಮಾತು ಹಿಡಿಸಿತ್ತೆಂಬುದನ್ನೂ ಇಲ್ಲಿ ದಾಖಲಿಸುತ್ತೇನೆ.

ಕಳೆದ ವರ್ಷ ಮನೆಯೊಡೆಯರಾದ ಆ ವ್ಯಾಪಾರಿಗಳು ಈ ತತ್ವದ ಕನ್ನಡ ಕೈಪಿಡಿಯ ಹಸ್ತಪ್ರತಿಯನ್ನು ನನ್ನ ಕೈಗಿತ್ತರು. "ನಿಮ್ಮ ಕಣ್ಣಿಗೆ ಬಿದ್ರೆ ತಪ್ಪು ಉಳಿಯಂಗಿಲ್ಲ. ಒಮ್ಮೆ ನೋಡಿಕೊಡ್ರಿ," ಎಂದರು.

ಎರಡು ತಿಂಗಳು ನೋಡಿದೆ. ಒಂದು ವಿಚಾರಕ್ಕೆ ಮೊದಲ ಪುಟದಲ್ಲಿ ಯಾವ ಅಳತೆಯೋ ಕೊನೆಯ ಪುಟದಲ್ಲೂ ಅದೇ ಅಳತೆಯಿರಬೇಕು. ನನಗೆ ಗೊತ್ತಿರುವ ತಪಾಸಣೆ ಅದೊಂದೇ. ಮೊದಲ ಅಧ್ಯಾಯದಲ್ಲಿ, ತನ್ನಿಂದ ಬೇರೆಯಾದ ಜೋಡಿಯಿಲ್ಲದೆ ಯಾವುದೂ ಇರಲಾರದು ಎಂದಿತ್ತು. ನಾಲ್ಕನೆಯದರಲ್ಲಿ, ಸೃಷ್ಟಿಗೆ ಮುನ್ನ ದೇವರೊಬ್ಬನೇ ಇದ್ದನು, ಪರಿಪೂರ್ಣನಾಗಿದ್ದನು, ಆದರೂ ಆನಂದಕ್ಕೊಂದು ಜೋಡಿ ಬೇಕೆಂದು ಜಗತ್ತನ್ನು ಸೃಷ್ಟಿಸಿದನು ಎಂದಿತ್ತು. ಹಾಗಾದರೆ ಆವರೆಗೆ ಅವನು ಇದ್ದದ್ದು ಹೇಗೆ? ಏನೂ ಕೊರತೆಯಿಲ್ಲದವನಿಗೆ ಬೇಕೆನಿಸಿದ್ದಾದರೂ ಹೇಗೆ? ಮೂರು ಪುಟಗಳ ಟಿಪ್ಪಣಿ ಬರೆದು, "ಉತ್ತರ ಸೇರಿಸುವವರೆಗೆ ಇದು ಅಚ್ಚಿಗೆ ಯೋಗ್ಯವಲ್ಲ" ಎಂದು ಮುಗಿಸಿ ಸಹಿ ಹಾಕಿದೆ.

ಆ ಭಾನುವಾರ ವ್ಯಾಪಾರಿಗಳು ಟಿಪ್ಪಣಿಯ ಮೇಲೆ ಕಣ್ಣಾಡಿಸಿ, ಮಡಚಿ, ಮಂಡಕ್ಕಿ-ಮಿರ್ಚಿಯ ತಟ್ಟೆಯ ಕೆಳಗಿಟ್ಟರು. ಅದರ ಮೇಲೆ ಎಣ್ಣೆಯ ಕಲೆ ಹರಡಿದ್ದನ್ನು ನಾನು ಮರೆತಿಲ್ಲ.

"ಜೋಡಿ ದೇವರ ಒಳಗೇ ಐತ್ರಿ," ಎಂದರು. "ಒಳಗಿನ ಸ್ವಭಾವ ಒಂದು, ಹೊರಗಿನ ರೂಪ ಒಂದು. ಹರಿಹರದೋರು ನೀವು. ಅರ್ಧ ಹರಿ, ಅರ್ಧ ಹರ, ದಿನಾ ಕೈ ಮುಗಿತೀರಿ. ನಿಮಗೇ ಹೆಂಗೆ ತಿಳೀಲಿಲ್ರಿ?"

ಕೂಟವೆಲ್ಲ ನಕ್ಕಿತು.

"ನಮ್ಮ ದೇವರಿಗೆ ಅಷ್ಟೇ ಸಾಕಾಗೈತ್ರಿ," ಎಂದೆ. "ಒಳಗೇ ಜೋಡಿ ಇದ್ದ ಮ್ಯಾಲೆ ನಿಮ್ಮ ದೇವರಿಗೆ ಹೊರಗೊಂದು ಯಾಕ ಬೇಕಾತು?"

"ಮಿರ್ಚಿ ಆರ್ತೈತೆ, ತಗಳ್ರಿ," ಎಂದರು. ಮೂರು ಪುಟಗಳಿಗೆ ಈವರೆಗೆ ನನಗೆ ಸಂದಿರುವ ಉತ್ತರ ಅದೊಂದೇ.

ಪುಸ್ತಕ ಅಚ್ಚಾದ ಸುದ್ದಿ ನನಗೆ ತಿಳಿದದ್ದು ಹರಿಹರದ ಬಸ್ ನಿಲ್ದಾಣದಲ್ಲಿ. ನನ್ನ ವಿಭಾಗದಲ್ಲೇ ದುಡಿದು, ಈಗ ಕುಕ್ಕುವಾಡದಲ್ಲಿ ಬೇಸಾಯ ಮಾಡಿಕೊಂಡಿರುವವನೊಬ್ಬ ಎದುರಾಗಿ, ಚೀಲದಿಂದ ಅದನ್ನು ತೆಗೆದು ತೋರಿಸಿದ. "ಪರಿಶೋಧಿಸಿದವರು" ಎಂಬುದರ ಕೆಳಗೆ ನನ್ನ ಹೆಸರಿತ್ತು.

"ನಿಮ್ಮ ಮುದ್ರೆ ಬಿದ್ದೈತೆ ಅಂತ ಕಣ್ಣು ಮುಚ್ಚಿ ತಗಂಡೆ, ಸಾಹೇಬ್ರೆ," ಎಂದ. "ಆದ್ರ ಒಂದು ಗಂಟು ಬಿಚ್ಚಾಕ ಆಗವಲ್ದು. ಎಲ್ಲದಕ್ಕೂ ಜೋಡಿ ಬೇಕು ಅಂತಾರೆ. ಮೊದ್ಲು ದೇವ್ರು ಒಬ್ನೇ ಇದ್ದ ಅಂತಾರೆ. ಹೆಂಗ್ರಿ ಅದು?"

ನಾನು ಕೇಳಿದ ಪ್ರಶ್ನೆಯನ್ನೇ, ಉತ್ತರ ಬಲ್ಲವನೆಂದು ನಂಬಿ, ಅವನು ನನ್ನನ್ನು ಕೇಳುತ್ತಿದ್ದ.

"ನಾನು ಪಾಸ್ ಮಾಡಿಲ್ಲಪ್ಪ ಇದನ್ನ," ಎಂದೆ.

ಅವನು ಪುಟವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. "ಹೆಸರು ಐತಲ್ರಿ," ಎಂದ. ಪುಸ್ತಕವನ್ನು ಚೀಲಕ್ಕೆ ಸೇರಿಸುವಾಗ ಅವನ ಕಣ್ಣಲ್ಲಿದ್ದದ್ದು ಸಂದೇಹ. ಅದು ಪುಸ್ತಕದ ಮೇಲಿನದಲ್ಲ. ಅವನ ಎದುರು ನಾನು ಒಮ್ಮೆಯೂ ತಪ್ಪು ಭಾಗಕ್ಕೆ ಮುದ್ರೆ ಒತ್ತಿದವನಲ್ಲ.

ಮರುದಿನವೇ ಕೆ.ಬಿ. ಬಡಾವಣೆಗೆ ಹೋದೆ.

"ಗೌರವಕ್ಕೆ ಹಾಕಿವ್ರಿ," ಎಂದರು ವ್ಯಾಪಾರಿಗಳು. "ಹಿರಿಯರ ಹೆಸರಿದ್ರೆ ಪುಸ್ತಕಕ್ಕೆ ತೂಕ. ಅದಕ್ಯಾಕ ಇಷ್ಟು ಬ್ಯಾಸರ?"

ನನ್ನ ಪ್ರಶ್ನೆಗಳ ಚೀಟಿಯೊಂದನ್ನಾದರೂ ಉಳಿದ ಪ್ರತಿಗಳಿಗೆ ಅಂಟಿಸಿರೆಂದೆ.

"ಹೊಸಾ ಪುಸ್ತಕಕ್ಕೆ ಚೀಟಿ ಅಂಟಿಸಿದ್ರೆ ಚೆಂದ ಕಾಣಲ್ರಿ. ಬಿಡ್ರಿ, ಚಹಾ ಕುಡೀರಿ."

ಕುಡಿಯಲಿಲ್ಲ. ಅವರು ಕೆಟ್ಟವರಲ್ಲ, ಗೌರವವೆಂದೇ ನಂಬಿದ್ದಾರೆ. ನನಗೆ ತಡೆಯಲಾಗದಿರುವುದೂ ಅದೇ. ಆದ್ದರಿಂದ ಕೂಟದವರೆಲ್ಲರನ್ನೂ ಇಲ್ಲಿ ಲಿಖಿತವಾಗಿ ಕೇಳುತ್ತೇನೆ. ಕೊಟ್ಟು ಪಡೆಯದೆ ಏನೂ ಇರಲಾರದೆಂದು ಸಾರುವವರೇ, ಕುಕ್ಕುವಾಡದ ಆ ಮನುಷ್ಯನ ಪ್ರಶ್ನೆಗೆ ನಿಮ್ಮಲ್ಲಿ ಉತ್ತರವಿದ್ದರೆ ಅದನ್ನು ಅವನಿಗೆ ಕೊಡದೆ ಉಳಿಸಿಕೊಂಡದ್ದೇಕೆ? ಇಲ್ಲವಾದರೆ, ಆ ಪುಟದಲ್ಲಿ ನನ್ನ ಹೆಸರಿಗೇನು ಕೆಲಸ?