ವಿಭಾಗದ ಮುಖ್ಯಸ್ಥರು ಪಾಲಾದ ದಿನ

ಚಿತ್ರದುರ್ಗದ ಹೊರಗೆ ಪಾದ್ರಿಗಳು ನಡೆಸುವ ಕಾಲೇಜಿನಲ್ಲಿ ನಾನು ಕನ್ನಡ ವಿಭಾಗದ ಮುಖ್ಯಸ್ಥ. ವಿಭಾಗದಲ್ಲಿರುವವನು ನಾನೊಬ್ಬನೇ, ಹಾಗಾಗಿ ನನ್ನ ಮಾತನ್ನು ಯಾರೂ ಮೀರುವುದಿಲ್ಲ. ಇಂಗ್ಲಿಷ್ ವಿಭಾಗದ ಮೇಡಂ ಕೂಡ ಒಬ್ಬರೇ. ಇಬ್ಬರಿಗೂ ಸೇರಿ ಒಂದು ಕೋಣೆ, ಒಂದು ಫ್ಯಾನು, ಒಂದು ಕಿಟಕಿ. ಕಿಟಕಿಯಾಚೆ ಕೋಟೆಯ ಬಂಡೆಗಳು ಕಾಣುತ್ತವೆ. ಹನ್ನೆರಡು ವರ್ಷ ಆ ಕಿಟಕಿಯ ಪಕ್ಕ ಕೂತವನು ನಾನು.

ಇನ್‌ಸ್ಪೆಕ್ಷನ್ ತಂಡ ಬರುತ್ತದೆಂದು ಗೊತ್ತಾದದ್ದೇ ತಡ, ಪ್ರಾಂಶುಪಾಲರಾದ ಫಾದರ್ ಎರಡು ವಿಭಾಗಕ್ಕೆ ಎರಡು ಕೋಣೆ ತೋರಿಸಲೇಬೇಕೆಂದರು. ನಡುವೆ ಪ್ಲೈವುಡ್ ಗೋಡೆ ಬರುತ್ತದೆ, ಯಾರಿಗೆ ಯಾವ ಕಡೆ ಎಂದು ನೀವೇ ತೀರ್ಮಾನಿಸಿ ಎಂದು ಬಡಗಿಯನ್ನೂ ಕಳಿಸಿಬಿಟ್ಟರು. ನನಗೆ ಕಿಟಕಿ ಬೇಕು, ಮೇಡಂಗೂ ಕಿಟಕಿಯೇ ಬೇಕು. ಸಾಹಿತ್ಯ ಓದಿದವರ ಜಗಳದಲ್ಲಿ ಪ್ರತಿ ಮಾತಿಗೂ ಮುಂಚೆ ಒಂದು ‘ದಯವಿಟ್ಟು’ ಇರುತ್ತದೆ, ಅಷ್ಟೇ ವ್ಯತ್ಯಾಸ.

ಅಷ್ಟರಲ್ಲಿ ಭೀಮಸಮುದ್ರದ ಕಡೆಯ ಅಣ್ಣತಮ್ಮಂದಿರಿಬ್ಬರು ಒಳಗೆ ಬಂದರು. ತಮ್ಮನ ಮಗಳ ಟಿ.ಸಿ. ತೆಗೆದುಕೊಂಡು, ಹಾಗೇ ನೋಂದಣಿ ಕಚೇರಿಗೆ ಹೋಗಿ ಆಸ್ತಿ ಪಾಲು ಮಾಡಿಕೊಳ್ಳಲು ಹೊರಟವರು. ಪಾಲಿನ ಕಾಗದಕ್ಕೆ ವಿಭಾಗ ಪತ್ರ ಎನ್ನುತ್ತಾರೆ. ಬಾಗಿಲ ಮೇಲೆ ‘ವಿಭಾಗದ ಮುಖ್ಯಸ್ಥರು’ ಎಂಬ ಬೋರ್ಡು ಕಂಡು, ಪಾಲು ಮಾಡಿಸುವ ದೊಡ್ಡ ಸಾಹೇಬರು ಇಲ್ಲೇ ಸಿಕ್ಕರೆಂದು ಖುಷಿಯಾಗಿದ್ದರು.

ಇಲ್ಲಿ ಪಾಲು ಮಾಡುವುದಿಲ್ಲ ಎನ್ನುವ ಮುಖ ನನಗಿರಲಿಲ್ಲ. ಕೈಯಲ್ಲಿ ಸೀಮೆಸುಣ್ಣ, ನೆಲದ ಮೇಲೆ ನಾನೇ ಎಳೆದ ಗೆರೆ. ಅಣ್ಣ ನಮ್ಮ ತಕರಾರು ಕೇಳಿ, ಕುರ್ಚಿ ಎಳೆದುಕೊಂಡು ಪಂಚಾಯ್ತಿಗೇ ಕೂತರು.

“ದೊಡ್ಡೋರು ಭಾಗ ಮಾಡ್ಬೇಕು, ಸಣ್ಣೋರು ಆರಿಸ್ಕಬೇಕು. ನಮ್ ಕಡೆ ಹಂಗೇ ಐತೆ,” ಎಂದರು.

ವಯಸ್ಸಿನಲ್ಲಿ ದೊಡ್ಡವನು ನಾನು. ಆರಿಸುವ ಹಕ್ಕು ಮೇಡಂ ಪಾಲಾಯಿತು. ಆದರೂ ಬುದ್ಧಿ ಓಡಿಸಿ, ಕಿಟಕಿಯ ಕಡೆಗೆ ಮುರುಕು ಬೀರು, ಸೋರುವ ಮೂಲೆ, ಗೆದ್ದಲು ಹಿಡಿದ ಉತ್ತರಪತ್ರಿಕೆಗಳನ್ನೆಲ್ಲ ಸೇರಿಸಿದೆ. ಇನ್ನೊಂದು ಕಡೆಗೆ ಫ್ಯಾನು, ಕಂಪ್ಯೂಟರು, ಒಳ್ಳೆಯ ಕುರ್ಚಿಗಳು. ಮೇಡಂ ಒಂದು ಕ್ಷಣವೂ ಯೋಚಿಸದೆ ಕಿಟಕಿ ಆರಿಸಿಕೊಂಡರು.

ಬಡಗಿ ಗುರುತು ಹಾಕಲು ಹೋದವನು ನಿಂತುಬಿಟ್ಟ. ಗೆರೆ ನೇರ ಹೋಗಿ ಗೋಡೆಯ ಗೂಡಿನಲ್ಲಿದ್ದ ಮೇರಿ ಮಾತೆಯ ಪಾದದ ಕೆಳಗೆ ಮುಟ್ಟುತ್ತಿತ್ತು.

“ಈ ಅವ್ವ ಯಾರ ಪಾಲಿಗೆ ಸ್ವಾಮಿ?” ಎಂದರು ಅಣ್ಣ.

ಪೊರಕೆಯನ್ನೂ ಬಿಡದೆ ಪಟ್ಟಿ ಮಾಡಿದ್ದ ನಾವಿಬ್ಬರೂ ಆ ತಾಯಿಯನ್ನು ಬರೆದಿರಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು. ತಮ್ಮ ಆಗ ಚೀಲದಿಂದ ಬರೆಸಿಕೊಂಡು ಬಂದಿದ್ದ ವಿಭಾಗ ಪತ್ರ ತೆಗೆದು, ಮೊದಲಿನಿಂದ ಕೊನೆಯವರೆಗೂ ಬೆರಳಿಟ್ಟು ಓದಿದರು.

“ಅಣ್ಣ, ಇದ್ರಾಗೂ ನಮ್ಮವ್ವ ಇಲ್ಲ,” ಎಂದರು.

ಅಣ್ಣ ಕಾಗದವನ್ನು ಮಡಿಸಿ ಚೀಲಕ್ಕೆ ತುರುಕಿದರು. ಊರಿನ ಬಸ್ಸು ಎಷ್ಟೊತ್ತಿಗೆಂದು ಬಡಗಿಯನ್ನು ಕೇಳಿಕೊಂಡು ಇಬ್ಬರೂ ಮನೆಗೇ ಹೊರಟರು.

ನಮ್ಮ ಪ್ಲೈವುಡ್ ಗೋಡೆ ಈಗಲೂ ಮಾತೆಯನ್ನು ಮುಟ್ಟದೆ ಒಂದು ಮೊಳ ಮೊದಲೇ ನಿಂತಿದೆ. ಆ ಸಂದಿಯಿಂದ ಮೇಡಂ ಕಿಟಕಿಯ ಗಾಳಿ ನನಗೂ ಬರುತ್ತದೆ.