ಹಿತ್ತಲಲ್ಲಿ ಹೊನ್ನಿನ ಹಂಡೆ?

ನಾನು ಕನ್ನಡ ಎಂ.ಎ. ಮುಗಿಸಿ ಹೊಸಪೇಟೆಗೆ ವಾಪಸು ಬಂದಾಗ ಊರಿನಲ್ಲಿ ಎಲ್ಲರಿಗೂ ಕೆಲಸವಿತ್ತು, ನನ್ನೊಬ್ಬನನ್ನು ಬಿಟ್ಟು. ಗಣಿ ಜೋರಾಗಿದ್ದ ಕಾಲ ಅದು. ಎಸ್ಸೆಸ್ಸೆಲ್ಸಿಯಲ್ಲಿ ಮೂರು ಸಲ ಡುಮ್ಕಿ ಹೊಡೆದಿದ್ದ ನನ್ನ ಗೆಳೆಯ ಟಿಪ್ಪರ್ ಇಟ್ಟುಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು ತಿರುಗುತ್ತಿದ್ದ. ನಾನು ಹಳಗನ್ನಡದ ಛಂದಸ್ಸು ಇಟ್ಟುಕೊಂಡು ತಿರುಗುತ್ತಿದ್ದೆ. ಅದಿರಿಗೆ ಚೀನಾದಲ್ಲಿ ಬೇಡಿಕೆಯಿತ್ತು, ಛಂದಸ್ಸಿಗೆ ಎಲ್ಲೂ ಇರಲಿಲ್ಲ. ಕೊನೆಗೆ ನನ್ನನ್ನು ಕೇಳಿದವರು ಒಂದು ವಾರಪತ್ರಿಕೆಯ ಸಂಪಾದಕರು.

ಅವರ ಕಚೇರಿ ಸ್ಟೇಷನ್ ರಸ್ತೆಯಲ್ಲಿ, ಲಾರಿ ಬಿಡಿಭಾಗಗಳ ಅಂಗಡಿಯ ಮೇಲಿತ್ತು. ಅಂಥ ಪತ್ರಿಕೆಗಳನ್ನು ಜನ ಹಳದಿ ಪತ್ರಿಕೆ ಎನ್ನುತ್ತಾರೆ. ನಮ್ಮದು ಪ್ರೆಸ್ಸಿನಿಂದ ಬಂದ ಮರುದಿನವೇ ಅದಿರಿನ ಧೂಳು ಕೂತು ಕೆಂಪಾಗುತ್ತಿದ್ದುದರಿಂದ ಆ ಅಪವಾದ ತಟ್ಟಲಿಲ್ಲ. ನಮ್ಮಪ್ಪನ ಕಾಲದಲ್ಲಿ ಪೇಪರ್ ಎಂದರೆ ಹುಬ್ಬಳ್ಳಿ ಕಡೆಯಿಂದ ಬಸ್ಸಿನಲ್ಲಿ ಮಧ್ಯಾಹ್ನಕ್ಕೆ ಬಂದು, ಗ್ರಂಥಾಲಯದಲ್ಲಿ ಹಿರಿಯರು ಹಾಳೆ ಹಾಳೆ ಹಂಚಿಕೊಂಡು ಓದುತ್ತಿದ್ದ ಗಂಭೀರ ವಸ್ತು. ಅದರಲ್ಲಿ ಬಂದದ್ದೆಲ್ಲ ನಿಜ ಎಂದು ಅವರು ನಂಬಿದ್ದರು. ಆ ನಂಬಿಕೆ ನಮ್ಮ ಪತ್ರಿಕೆಗೆ ಪಿತ್ರಾರ್ಜಿತವಾಗಿ ಬಂದಿತ್ತು. ನಾವು ಬೆವರು ಸುರಿಸದೆ ಉಣ್ಣುತ್ತಿದ್ದೆವು.

ಸಂಪಾದಕರು ಮೊದಲು ವಿಡಿಯೋ ಕ್ಯಾಸೆಟ್ ಬಾಡಿಗೆಗೆ ಕೊಡುವ ಅಂಗಡಿ ನಡೆಸಿದ್ದವರು. ಜನರಿಗೆ ಏನು ಬೇಕೆಂದು ಯಾವ ವಿಶ್ವವಿದ್ಯಾಲಯಕ್ಕಿಂತಲೂ ಚೆನ್ನಾಗಿ ಬಲ್ಲವರು. ನನ್ನನ್ನು "ಎಂ.ಎ." ಎಂದೇ ಕರೆಯುತ್ತಿದ್ದರು. ಅವರ ಬಾಯಲ್ಲಿ ಅದು ಎಮ್ಮೆ ಎಂದೇ ಕೇಳಿಸುತ್ತಿತ್ತು. ಮೊದಲ ದಿನವೇ ಉಪದೇಶ ಕೊಟ್ಟರು.

"ನೋಡ್ರಿ ಎಂ.ಎ., 'ಕದ್ದ' ಅಂತ ಬರದ್ರ ಕೋರ್ಟು. 'ಕದ್ದನೇ?' ಅಂತ ಬರದ್ರ ಪತ್ರಿಕಾ ಧರ್ಮ."

ಆ ಒಂದು ಪ್ರಶ್ನಾರ್ಥಕ ಚಿಹ್ನೆಯ ಕೆಳಗೆ ನಾನು ಎರಡು ವರ್ಷ ನೆರಳಿಗೆ ಕೂತಿದ್ದೆ.

ಒಂದು ವಾರ ಅವರು ನನ್ನನ್ನು ಸಂಡೂರಿಗೆ ಕಳಿಸಿದರು. ಬಾಲ್ಯದಲ್ಲಿ ನೋಡಿದ್ದ ಗುಡ್ಡವೊಂದು ಅರ್ಧಕ್ಕೆ ಮುಗಿದಿತ್ತು. ಲಾರಿಗಳ ಸಾಲು ಕೊನೆ ಕಾಣದಂತೆ ನಿಂತಿತ್ತು. ರಸ್ತೆ ಬದಿಯ ಹೊಲದಲ್ಲಿ ಒಬ್ಬ ರೈತ ಮೆಣಸಿನ ಗಿಡದ ಎಲೆ ಒರೆಸಿ, "ಇದು ಹಸರೈತಿ ನೋಡ್ರಿ ಒಳಗ" ಎಂದು ತೋರಿಸಿದ. ಬಂದು ಮೈಮರೆತು ಬರೆದೆ. ಸಂಪಾದಕರು ಪೂರ್ತಿ ಓದಿ, "ಭಾಳ ಚಲೋ ಬರದೀರಿ" ಎಂದು ಮುಖಪುಟಕ್ಕೆ ಇಟ್ಟರು. ಸಂಜೆ ಗಣಿ ಮಾಲೀಕರೊಬ್ಬರ ಹುಟ್ಟುಹಬ್ಬಕ್ಕೆ ಶುಭ ಕೋರುವ ಪೂರ್ಣಪುಟದ ಜಾಹೀರಾತು ಬಂತು. ನನ್ನ ಲೇಖನ ಡ್ರಾವರಿಗೆ ಹೋಯಿತು. ಗುಡ್ಡ ಹೋದಷ್ಟೇ ಸದ್ದಿಲ್ಲದೆ.

ಈಗ ಮುಖಪುಟ ಖಾಲಿ. ಕೆಳಗೆ ಚಹಾ ಕುಡಿಯಲು ಹೋದಾಗ ಹಂಪಿ ಬಸ್ಸಿನ ಕಂಡಕ್ಟರ್ ಒಂದು ಮಾತು ಹೇಳಿದ: ಹಂಪಿ ದಾರಿಯ ಒಂದು ಹಳ್ಳಿಯಲ್ಲಿ ಮಂಡಕ್ಕಿ ಒಗ್ಗರಣಿ-ಮಿರ್ಚಿ ಮಾರುವ ಹೆಂಗಸಿನ ಹಿತ್ತಲಲ್ಲಿ ಗುಂಡಿ ತೋಡುತ್ತಿದ್ದಾರೆ, ಒಳಗೆ ಒಂದು ಹಳೆಯ ಮಡಕೆ ಸಿಕ್ಕಿದೆಯಂತೆ. ಅಷ್ಟೆ. ಮಡಕೆ ಒಡೆದಿತ್ತೆಂದೂ ಅವನು ಹೇಳಿದ್ದ. ನಾನು ಒಡೆದದ್ದನ್ನು ಬಿಟ್ಟೆ, ಮಡಕೆಯನ್ನು ಹಂಡೆ ಮಾಡಿದೆ. ಐದು ವರ್ಷ ಕಲಿತ ಪ್ರಾಸ ತಾನಾಗಿಯೇ ಕೈಗೆ ಬಂತು: "ಹಿತ್ತಲಲ್ಲಿ ಹೊನ್ನಿನ ಹಂಡೆ?" ಕಂಡಕ್ಟರ್ "ನಂಬಲರ್ಹ ಮೂಲಗಳು" ಆದ. ಸಂಪಾದಕರು ನನ್ನ ಬೆನ್ನು ತಟ್ಟಿದರು.

ಶುಕ್ರವಾರ ಪತ್ರಿಕೆ ಬಂತು. ಭಾನುವಾರದ ಹೊತ್ತಿಗೆ ಆ ಹಿತ್ತಲಿಗೆ ಹೊಸಪೇಟೆ, ಕಂಪ್ಲಿ, ಪಾಪಿನಾಯಕನಹಳ್ಳಿಗಳಿಂದ ಟ್ರ್ಯಾಕ್ಸ್ ಗಾಡಿ ಬಾಡಿಗೆ ಮಾಡಿಕೊಂಡು ಜನ ಬಂದಿದ್ದರು. ಸಂಡೂರಿನಲ್ಲಿ ಇಡೀ ಗುಡ್ಡ ಅಗೆಯುವಾಗ ತಲೆ ಎತ್ತಿ ನೋಡದಿದ್ದವರು ಒಂದಾಳುದ್ದದ ಗುಂಡಿಗೆ ಬಗ್ಗಿ ಬಗ್ಗಿ ನೋಡಿದರು. ಸೋಮವಾರ ಪುರಾತತ್ವ ಇಲಾಖೆಯ ಅಧಿಕಾರಿಗಳು ಬಂದು ಗುಂಡಿ ಅಳೆದು, ಸುತ್ತ ಹಗ್ಗ ಕಟ್ಟಿ, ಕೆಲಸ ನಿಲ್ಲಿಸಿದರು. ಇದನ್ನೂ ನಾವು ಸುದ್ದಿ ಮಾಡಿದೆವು.

ಹತ್ತು ದಿನ ಕಳೆದ ಮೇಲೆ ಆ ಹೆಂಗಸು ಕಚೇರಿಗೆ ಬಂದಳು. ನಲವತ್ತರ ಆಸುಪಾಸು, ಸೆರಗಿನ ತುದಿಗೆ ಕಡಲೆಹಿಟ್ಟಿನ ಕಲೆ. ಸಂಪಾದಕರ ಎದುರು ಕೂರದೆ ನಿಂತೇ ಮಾತಾಡಿದಳು.

"ಅದು ಪಾಯಖಾನಿ ಗುಂಡಿ ರೀ. ನಮ್ಮತ್ತಿಗೆ ಮೊಣಕಾಲು ಹಿಡ್ಕಂಡಾವು. ದೂರ ಬಯಲಿಗೆ ಹೋಗಾಕ ಆಗಂಗಿಲ್ಲಂತ ತೋಡಿಸಿದ್ದು."

"ಹೌದೇನು?" ಎಂದರು ಸಂಪಾದಕರು, ಬಹಳ ಕಳಕಳಿಯಿಂದ.

"ನಿಮ್ಮ ಮಂದಿ ಹಗಲೆಲ್ಲಾ ಹಿತ್ತಲದಾಗ ನಿಂತಿರ್ತಾರ. ಮುದುಕಿ ಮರ್ಯಾದಿಗೆ ಅಂಜಿ ನಸುಕಿನ್ಯಾಗ ಒಬ್ಬಾಕೀನ ಹೊಂಟಿದ್ಲು, ಬಿದ್ಲು. ಸೊಂಟದ ಎಲುಬು ಮುರದೈತಿ. ದವಾಖಾನ್ಯಾಗ ಮಲಗ್ಯಾಳ. ಯಾರ್ರಿ ಬರದಿದ್ದು ಇದನ್ನ?"

ನಾನು ಕಂಪ್ಯೂಟರಿನ ಹಿಂದೆ ಕೂತಿದ್ದೆ. ಸಂಪಾದಕರು, "ಅದು ವರದಿಗಾರರ ತಂಡ ರೀ" ಎಂದರು. ತಂಡ ಪರದೆ ನೋಡುತ್ತ ತಲೆ ತಗ್ಗಿಸಿತು.

ಸ್ಪಷ್ಟೀಕರಣ ಹಾಕುವುದೆಂದಾಯಿತು. ಆ ದಿನ ನಾನು ಎಂದೂ ಬರೆಯದಷ್ಟು ಸರಳವಾಗಿ ಬರೆದೆ: ಹಂಡೆ ಇಲ್ಲ, ಹೊನ್ನಿಲ್ಲ, ಶೌಚಾಲಯದ ಗುಂಡಿ, ವೃದ್ಧೆಗೆ ಪೆಟ್ಟಾಗಿದೆ, ವಿಷಾದಿಸುತ್ತೇವೆ. ಶುಕ್ರವಾರ ಪತ್ರಿಕೆ ತೆರೆದರೆ ಮೈಯೆಲ್ಲ ನನ್ನದೇ ಇತ್ತು, ತಲೆ ಮಾತ್ರ ಸಂಪಾದಕರದು: "ಹಂಡೆಯೇ ಇಲ್ಲ ಎನ್ನುವ ಮಹಿಳೆ: ಹಾಗಾದರೆ ಹೋಗಿದ್ದೆಲ್ಲಿಗೆ?"

ತಲೆಬರಹದಾಚೆಗೆ ಓದುವ ಕೆಟ್ಟ ಚಟ ನಮ್ಮ ಓದುಗರಿಗೆ ಇರಲಿಲ್ಲ. ಆ ಭಾನುವಾರ ಮೊದಲಿನದಕ್ಕಿಂತ ದೊಡ್ಡ ಗುಂಪು ಸೇರಿತು. ಈ ಸಲ ಕೆಲವರು ಗುದ್ದಲಿಯನ್ನೂ ತಂದಿದ್ದರು.

ಸಂಪಾದಕರ ಹತ್ತಿರ ಜಗಳವಾಡಿದೆ. ಅವರು ಸಿಟ್ಟಾಗಲಿಲ್ಲ. "ಜನಾ ಅಲ್ಲಿಂದ ಏಳಬೇಕಂದ್ರ ಅವ್ರಿಗೆ ಕುಂದ್ರಾಕ ಬ್ಯಾರೆ ಜಾಗ ತೋರಿಸ್ರಿ" ಎಂದರು. ಅವರು ಹೇಳಿದ್ದು ವ್ಯಾಪಾರದ ಮಾತು. ನನಗೆ ಅದು ದಾರಿಯಂತೆ ಕಂಡಿತು. ಕಂಪ್ಲಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಅಕ್ಕಿ ಗಿರಣಿಯೊಂದರ ಪಕ್ಕದ ಬೇವಿನ ಮರದಲ್ಲಿ ಬೆಳ್ಳಗೆ ರಸ ಸೋರಿದ್ದನ್ನು ಕಂಡಿದ್ದೆ. ಬೇವಿಗೆ ಆಗೊಮ್ಮೆ ಈಗೊಮ್ಮೆ ಹಾಗಾಗುತ್ತದೆ. ಮರ ಯಾರ ಹಿತ್ತಲಲ್ಲೂ ಇಲ್ಲ, ಯಾರ ಅತ್ತೆಗೂ ತೊಂದರೆಯಿಲ್ಲ ಎಂದು ಲೆಕ್ಕ ಹಾಕಿ ಬರೆದೆ: "ಬೇವು ಬಸಿಯಿತು ಹಾಲು! ಮುರಿದ ಮೂಳೆಗೂ ಮದ್ದು?" ಮೂಳೆ ಎಲ್ಲಿಂದ ಬಂತೆಂದು ನನಗೇ ತಿಳಿಯಲಿಲ್ಲ. ಬಹುಶಃ ಆ ಮುದುಕಿ ತಲೆಯಲ್ಲಿದ್ದಳು.

ಹಿತ್ತಲು ಎರಡೇ ದಿನದಲ್ಲಿ ಖಾಲಿಯಾಯಿತು. ನಿಜದಿಂದ ಆಗದ ಕೆಲಸವನ್ನು ಹೊಸ ಸುಳ್ಳು ಅಚ್ಚುಕಟ್ಟಾಗಿ ಮಾಡಿತ್ತು. ಮುಂದಿನ ವಾರದ ಫೋಟೋಗೆಂದು ಸಂಪಾದಕರು ನನ್ನನ್ನು ಕಂಪ್ಲಿ ದಾರಿಗೆ ಅಟ್ಟಿದರು. ಹೊರಡುವಾಗ ನಮ್ಮವ್ವ ಒಂದು ಖಾಲಿ ಬಾಟಲಿ ಕೈಗೆ ಕೊಟ್ಟಳು.

"ಅದನ್ನ ಬರದಾಂವ ನಾನವ್ವಾ. ಸುಳ್ಳದು."

"ನೀ ಬರದ್ರೇನಾತು? ಪೇಪರ್‌ನಾಗ ಬಂದೈತಲ್ಲ. ಜಲ್ದಿ ಹೋಗು, ಮುಗದೋದೀತು."

ಮರದ ಬುಡದಲ್ಲಿ ಜಾತ್ರೆಯಷ್ಟು ಜನ. ರಸ ಎಂದೋ ನಿಂತಿತ್ತು. ಅದಕ್ಕೇ ಜನ ಕುಡಗೋಲಿನಿಂದ ತೊಗಟೆ ಕೆತ್ತುತ್ತಿದ್ದರು. ಆಳೆತ್ತರದವರೆಗೆ ಮರ ಬೆತ್ತಲಾಗಿತ್ತು. ಸರದಿಯಲ್ಲಿ ನಾಲ್ಕೈದು ಜನರ ಹಿಂದೆ, ಸ್ಟೀಲಿನ ಡಬ್ಬಿ ಹಿಡಿದು, ಅದೇ ಹೆಂಗಸು ನಿಂತಿದ್ದಳು.

ನನ್ನನ್ನು ಗುರುತು ಹಿಡಿದಳು. "ನೀವೂ ಬಂದ್ರೇನ್ರಿ? ನಮ್ಮತ್ತಿ ಎಲುಬು ಕೂಡ್ವಲ್ದು. ಇದನ್ನ ಹಚ್ಚಿ ನೋಡೂನಂತ."

ಅಲ್ಲೇ ನಿಂತು ಎಲ್ಲ ಹೇಳಿದೆ. ಹಂಡೆ ಬರೆದವನು ನಾನೇ, ಈ ಹಾಲು ಬರೆದವನೂ ನಾನೇ, ಎರಡೂ ಸುಳ್ಳು, ಜನ ನಿಮ್ಮ ಹಿತ್ತಲು ಬಿಡಲಿ ಅಂತ ಇದನ್ನು ಹುಟ್ಟಿಸಿದೆ ಎಂದೆ. ಅವಳು ಡಬ್ಬಿಯ ಮುಚ್ಚಳ ತೆಗೆದು ಸಿದ್ಧವಾಗಿಟ್ಟುಕೊಂಡಳು. ಹೊಡೆದಿದ್ದರೆ ಚೆನ್ನಾಗಿತ್ತು.

"ನೀವ ಅಂತೀರಿ ನೀವು ಸುಳ್ಳು ಹೇಳೋರು ಅಂತ," ಎಂದಳು. "ಹಂಗಾದ್ರ ಈಗ ಹೇಳಿದ್ದನ್ನ ಹೆಂಗ ನಂಬ್ಲಿ?"

ಸರದಿ ಮುಂದೆ ಸರಿಯಿತು, ಅವಳೂ ಸರಿದಳು. ಡಬ್ಬಿಯಲ್ಲಿ ಒಂದು ಹಿಡಿ ತೊಗಟೆ ಹಾಕಿಸಿಕೊಂಡು ಹೊಸಪೇಟೆ ಬಸ್ಸು ಹತ್ತಿ ಹೋದಳು. ನಾನು ಫೋಟೋ ತೆಗೆಯಲಿಲ್ಲ. ಮರುದಿನ ಕೆಲಸ ಬಿಟ್ಟೆ. ಸಂಪಾದಕರು ತಡೆಯಲಿಲ್ಲ. "ಚಲೋ ಕೈ ಇತ್ತು ರೀ ನಿಮ್ದು" ಎಂದರು. ಆ ಮಾತು ನೆನೆದರೆ ಈಗಲೂ ಮೈ ಮೇಲೆ ಹಲ್ಲಿ ಬಿದ್ದಂತಾಗುತ್ತದೆ.

ಮರ ಬೇಸಿಗೆ ಬರುವ ಮೊದಲೇ ಒಣಗಿತು. ಗಿರಣಿಯವರು ಕಡಿಸಿ ಹಾಕಿದರು. ಗಣಿಗಳು ನಿಂತ ಮೇಲೆ ಹುಟ್ಟುಹಬ್ಬದ ಶುಭಾಶಯಗಳೂ ನಿಂತವು, ಪತ್ರಿಕೆಯೂ ಮುಚ್ಚಿತು. ಪತ್ರಿಕೆ ಸುಮ್ಮನಾದರೂ ಜನ ಸುಮ್ಮನಾಗಲಿಲ್ಲ. ಅದಕ್ಕೆ ಈಗ ಟಿ.ವಿ.ಯಲ್ಲಿ ದಿನವಿಡೀ ವ್ಯವಸ್ಥೆಯಾಗಿದೆ. ನಾನು ಕಂಪ್ಲಿಯ ಒಂದು ಟ್ಯುಟೋರಿಯಲ್ಲಿನಲ್ಲಿ ವ್ಯಾಕರಣ ಪಾಠ ಹೇಳತೊಡಗಿದೆ.

ಕೆಲಸ ಬಿಟ್ಟು ಕೆಲವು ತಿಂಗಳಾದ ಮೇಲೆ ಒಮ್ಮೆ ಧೈರ್ಯ ಮಾಡಿ ಅವಳ ಊರಿಗೆ ಹೋದೆ. ಹಿತ್ತಲಲ್ಲಿ ಅಧಿಕಾರಿಗಳ ಹಗ್ಗ ಹೋಗಿ ತಗಡಿನ ಬಾಗಿಲಿನ ಪಾಯಖಾನೆ ಎದ್ದಿತ್ತು. ಮುದುಕಿ ಕೋಲು ಊರಿಕೊಂಡು, ಒಂದು ಕಾಲು ಎಳೆಯುತ್ತ ಅದರ ಕಡೆ ಹೋಗುತ್ತಿದ್ದಳು. ನಾನು ಹಿಡಿಯಲು ಹೋದೆ. "ಬ್ಯಾಡ ಬಿಡಪ್ಪಾ, ನಾ ಹೋಕ್ಕೀನಿ" ಎಂದು ಕೈ ಕೊಡವಿದಳು. ಸೊಸೆ ಬಾಣಲೆಯಿಂದ ತಲೆ ಎತ್ತದೆ ಹೇಳಿದಳು.

"ಕುಂದ್ರಿ. ಮಿರ್ಚಿ ಬಿಸಿ ಅದಾವ. ತಿನ್ರಿ, ಬರೀಬ್ಯಾಡ್ರಿ."

ಕೂತೆ. ತಿಂದೆ. ಖಾರ ಬಹಳವಿತ್ತು.